ಹಳೇದು ತಂದ್ರಾ ಟೀಚರ್?

ಹೋದ ತಿಂಗಳು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸೀರೆಗೆ ಫಾಲ್ ತಗೊಳ್ಳುತ್ತಿದ್ದೆ. ಬಟ್ಟೆ ಅಳೆಯುತ್ತಿದ್ದವನು ಶಿವಾಜಿನಗರದವನು, ನನ್ನ ಮುಖ ಗುರುತು ಹಿಡಿದ. "ಟೀಚರ್, ನಿಮ್ಮ ಆಪಾ ಹೋಗ್ಬಿಟ್ರು, ಗೊತ್ತಾಯ್ತಾ?" ಅಂದ. ಹೇಳುತ್ತಾ ಕತ್ತರಿ ಮಾತ್ರ ನಿಲ್ಲಿಸಲಿಲ್ಲ. ನನಗೆ ಆ ಫಾಲ್ ಬೇಡವಾಗಿತ್ತು, ಆದರೆ ಅಷ್ಟರಲ್ಲಿ ಬಟ್ಟೆ ತುಂಡಾಗಿತ್ತು. ತಗೊಂಡು ಬಂದೆ.

ಮನೆಯಲ್ಲಿ ನಮ್ಮವರಿಗೆ ಹೇಳಿದೆ. ಟೀವಿ ಸೌಂಡ್ ಕಡಿಮೆ ಮಾಡಿದರು. ಆಮೇಲೆ, "ಆಕೇನ ನಾನು ಒಂದು ಸಲಾನೂ ನೋಡ್ಲಿಲ್ಲ ನೋಡು" ಅಂದರು.

ನಿಜ. ಹತ್ತು ಹನ್ನೆರಡು ವರ್ಷ ಇವರಿಬ್ಬರೂ ಮಾತಾಡಿಕೊಂಡದ್ದು ಪೂರಾ ನನ್ನ ಬಾಯಿಂದ. ನಾನು ನಡುವೆ ಓಡಾಡುವ ಪೋಸ್ಟ್‌ಮ್ಯಾನ್, ನನ್ನ ಹ್ಯಾಂಡ್‌ಬ್ಯಾಗು ಅಂಚೆ ಚೀಲ.

ಆಪಾ ಅಂದರೆ ಅಕ್ಕ. ಶಿವಾಜಿನಗರದ ಆ ಗಲ್ಲಿಯಲ್ಲಿ ಹಳೇ ಮೋಟರ್ ಸೈಕಲ್ಲುಗಳ ಸ್ಪೇರ್ ಪಾರ್ಟ್ಸ್ ಮಾರುತ್ತಿದ್ದ ಆಕೆಯನ್ನು ಅವರಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಹೆಸರು ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ಅಂಗಡಿಯ ಬೋರ್ಡಿನ ಮೇಲೇ ಅವರು ಬರೆಸಲಿಲ್ಲ. ಬೋರ್ಡಿನಲ್ಲಿ ಇದ್ದದ್ದು 'ಮೋಟರ್ ಸೈಕಲ್ ಸ್ಪೇರ್ಸ್', ಅಷ್ಟೇ. ಹೆಸರು ಯಾಕಿಲ್ಲ ಆಪಾ ಅಂತ ಒಮ್ಮೆ ಕೇಳಿದ್ದಕ್ಕೆ, "ಹೆಸ್ರು ನೋಡಿ ಬರೋರು ಬ್ಯಾಡ ಟೀಚರ್, ಸಾಮಾನು ಹುಡ್ಕೊಂಡು ಬರೋರು ಬರ್ಲಿ" ಅಂದಿದ್ದರು.

ನಮ್ಮ ಮನೆಯಲ್ಲಿದ್ದದ್ದು ಮೈಸೂರಿನ ಫ್ಯಾಕ್ಟರಿಯ ಗಾಡಿ. ಎರಡು ಸೈಲೆನ್ಸರ್, ಕಿಕ್ಕರೂ ಗೇರೂ ಒಂದೇ ಲಿವರು, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ನಮ್ಮವರು ಅದರಲ್ಲೇ ಹೊಸ ತಿಪ್ಪಸಂದ್ರದಿಂದ ವಿಮಾನ ಕಾರ್ಖಾನೆಗೆ ಹೋಗಿ ಬರುತ್ತಿದ್ದರು. ಡ್ರಾಯಿಂಗ್ ಆಫೀಸಿನಲ್ಲಿ ಕೆಲಸ. ತೊಂಬತ್ತರ ದಶಕದ ನಡುವೆ ಆ ಮೈಸೂರಿನ ಫ್ಯಾಕ್ಟರಿ ಬಾಗಿಲು ಹಾಕಿತು. ಅಲ್ಲಿಂದ ಶುರುವಾಯಿತು ನಮ್ಮ ಹುಡುಕಾಟ. ಯಾವ ಅಂಗಡಿಗೆ ಹೋದರೂ "ಇದೆ ಬನ್ನಿ ಸಾರ್" ಅನ್ನುತ್ತಾರೆ, ತಂದು ಹಾಕಿದರೆ ತಿಂಗಳಿಗೆ ಬಾಯಿ ಬಿಡುತ್ತದೆ. ನಮ್ಮವರಿಗೆ ಅಂಗಡಿಯವರ ಜೊತೆ ಜಗಳವಾಡುವ ಸ್ವಭಾವ ಇಲ್ಲ. ಹಾಳಾದ ಪಾರ್ಟನ್ನು ಮನೆಗೆ ತಂದು ಡೈನಿಂಗ್ ಟೇಬಲ್ ಮೇಲಿಟ್ಟು ಅದನ್ನೇ ನೋಡುತ್ತಾ ಊಟ ಮಾಡುತ್ತಿದ್ದರು. ಪೂರ್ ಮ್ಯಾನ್. ನಾನು ಕೆಲಸ ಮಾಡುತ್ತಿದ್ದ ಕಾನ್ವೆಂಟು ಶಿವಾಜಿನಗರ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರ. ಆದ್ದರಿಂದ ಒಂದು ದಿನ, "ನೀನೇ ಯಾಕೆ ವಿಚಾರಿಸಬಾರದು?" ಅಂದರು. ಹಾಗೆ ಈ ಡಿಪಾರ್ಟ್‌ಮೆಂಟು ನನ್ನ ತಲೆಗೆ ಬಂತು.

ಮೊದಲ ಸಲ ಹೋದಾಗ ನಮ್ಮವರು ಕ್ಲಚ್ ಪ್ಲೇಟಿನ ಚಿತ್ರ ಬರೆದು ಕೊಟ್ಟಿದ್ದರು. ಬ್ಯೂಟಿಫುಲ್ ಡ್ರಾಯಿಂಗ್, ಫ್ರೇಮ್ ಹಾಕಿಸಬಹುದು. ಎತ್ತರದ ಸ್ಟೂಲಿನ ಮೇಲೆ ಕೂತಿದ್ದ ಆಪಾ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ತಲೆ ಮೇಲೆ ದುಪಟ್ಟಾ, ಕಣ್ಣಿಗೆ ಸುರ್ಮಾ, ಕೈ ತುಂಬ ಗಾಜಿನ ಬಳೆ. ಬುರ್ಖಾ ಹಿಂದೆ ಮೊಳೆಗೆ ನೇತುಹಾಕಿದ್ದರು, ಕ್ಲಚ್ ವೈರುಗಳ ಪಕ್ಕದಲ್ಲಿ.

"ಬಹುತ್ ಚೆನ್ನಾಗಿದೆ. ಹಳೇದು ತಂದ್ರಾ?"

"ಇಲ್ಲ, ಅದರ ಮೆಷರ್‌ಮೆಂಟ್ಸ್ ಎಲ್ಲಾ ಇದರಲ್ಲೇ..."

"ನಕ್ಕೋ ಟೀಚರ್, ಚಿತ್ರ ಬ್ಯಾಡ. ಹಳೇದು ತನ್ನಿ, ಹೊಸದು ತಗೊಂಡ್ ಹೋಗಿ."

ನಾನು ಟೀಚರ್ ಅಂತ ಅವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಿದೆ. "ಬೆರಳಿಗೆ ಚಾಕ್ ಇದೆ. ಮತ್ತೆ ಮೂರು ಸಲ ಥ್ಯಾಂಕ್ಯೂ ಹೇಳಿದ್ರಿ, ನಾನು ಏನೂ ಕೊಡ್ಲಿಲ್ಲ ಇನ್ನೂ."

ಮಾರನೆಯ ದಿನ ಹಳೇ ಪ್ಲೇಟುಗಳನ್ನು ಪೇಪರಿನಲ್ಲಿ ಸುತ್ತಿ, ಕಾಂಪೊಸಿಷನ್ ಪುಸ್ತಕಗಳ ಜೊತೆ ಬ್ಯಾಗಿಗೆ ಹಾಕಿಕೊಂಡು ಸ್ಕೂಲಿಗೆ ಹೋದೆ. ಗ್ರೀಸು ಸೋರಿತು. ಸ್ಟಾಫ್ ರೂಮಿಗೆ ಬಂದ ಸಿಸ್ಟರ್ ಪ್ರಿನ್ಸಿಪಾಲ್ ಮೇಜಿನ ಮೇಲಿದ್ದ ಆ ಕರೀ ಚಕ್ರಗಳನ್ನು ನೋಡಿ, "ಇದೇನು, ಟೀಚಿಂಗ್ ಏಡಾ?" ಅಂತ ಇಂಗ್ಲಿಷಿನಲ್ಲಿ ಕೇಳಿದರು. ಎಸ್ ಸಿಸ್ಟರ್ ಅಂದುಬಿಟ್ಟೆ. ಇನ್ನೇನು ಹೇಳಲಿ?

ಆಪಾ ಪ್ಲೇಟುಗಳನ್ನು ಬೆಳಕಿಗೆ ಹಿಡಿದರು, ಅಂಚಿಗೆ ಉಗುರು ಆಡಿಸಿದರು, ಕೌಂಟರಿನ ಮೇಲೆ ಕುಟ್ಟಿ ಸದ್ದು ಕೇಳಿದರು. ಆಮೇಲೆ ತೀರ್ಪು ಕೊಟ್ಟರು. "ನಿಮ್ಮ ಸಾಹೇಬ್ರು ಕ್ಲಚ್ ಅರ್ಧ ಹಿಡ್ಕೊಂಡೇ ಗಾಡಿ ಓಡಿಸ್ತಾರೆ. ಹೆದರಿಕೆ ಜಾಸ್ತಿ ಅವ್ರಿಗೆ."

ಮನೆಗೆ ಬಂದು ಇದನ್ನು ಹೇಳಿದೆ. ನಮ್ಮವರಿಗೆ ಕೋಪ ಬಂತು. ಅವರ ಕೋಪ ಅಂದರೆ ಹೆಚ್ಚು ಮಾತಿಲ್ಲ, ಸಾರಿಗೆ ಉಪ್ಪು ಕಡಿಮೆ ಅನ್ನುತ್ತಾರೆ, ಅಷ್ಟೇ. ಒಂದು ವಾರ ಕಳೆದ ಮೇಲೆ ಶೂ ಲೇಸ್ ಕಟ್ಟುತ್ತಾ, ತಲೆ ಎತ್ತದೆ ಹೇಳಿದರು: "ಆಕೆಗೆ ಹೇಳು. ಹೆದರಿಕೆ ನನಗೋಸ್ಕರ ಅಲ್ಲ, ಹಿಂದೆ ನೀನು ಕೂತಿರ್ತೀಯಲ್ಲ ಅದಕ್ಕೆ."

ನಾನು ಅದನ್ನೂ ಮುಟ್ಟಿಸಿದೆ. ಆಪಾ ಬಳೆ ಸದ್ದು ಮಾಡಿಕೊಂಡು ನಕ್ಕರು. ಎದುರಂಗಡಿಗೂ ಕೇಳುವ ಹಾಗೆ, "ಕೇಳಿದ್ರಾ ಅಣ್ಣಾ, ಇಂಥಾ ಗಂಡಸ್ರೂ ಇದಾರೆ!" ಅಂದರು.

ಎದುರಂಗಡಿಯದೂ ಸ್ಪೇರ್ ಪಾರ್ಟ್ಸೇ. ಅದನ್ನು ನಡೆಸುತ್ತಿದ್ದವರು ಒಬ್ಬ ತಮಿಳರು, ಹಣೆಗೆ ವಿಭೂತಿ, ಯಾವಾಗಲೂ ಬನಿಯನ್ನು. ಅವರು ಇವರನ್ನು 'ಬಾಯಮ್ಮಾ' ಅನ್ನುತ್ತಿದ್ದರು. ಇವರು ಅವರನ್ನು 'ಅಣ್ಣಾ' ಅನ್ನುತ್ತಿದ್ದರು, ಆದರೆ ದನಿ ಕೇಳಿದರೆ ಬೈಗುಳ ಅನ್ನಿಸಬೇಕು, ಹಾಗೆ. ದಿನವಿಡೀ ಗಲ್ಲಿಯ ಮೇಲಿಂದ ಇವರ ಮಾತು ಹಾರಾಡುತ್ತಿತ್ತು.

"ಏನ್ ಬಾಯಮ್ಮಾ, ಇವತ್ತೂ ಇಲ್ಲ ಅಂತ್ಲೇ ವ್ಯಾಪಾರ ಮಾಡಿದ್ರಾ?"

"ಹೌದಣ್ಣಾ. ನೀವು ಇದೆ ಇದೆ ಅಂತ ಮಾಡಿದ್ದು ನಾಳೆ ವಾಪಸ್ ಬರುತ್ತೆ, ಜಾಗ ಮಾಡಿಟ್ಕೊಳ್ಳಿ."

ಆಪಾ ತುಂಬಾ ಸಲ ಇಲ್ಲ ಅನ್ನುತ್ತಿದ್ದರು, ಅದು ನಿಜ. "ಇಲ್ಲ. ರಂಜಾನ್ ಆದ್ಮೇಲೆ ಬನ್ನಿ." "ಇಲ್ಲ. ಇದೆ, ಆದ್ರೆ ನನಗೆ ಇಷ್ಟ ಆಗ್ಲಿಲ್ಲ, ಕೊಡಲ್ಲ." ಗಿರಾಕಿಗಳು ಗೊಣಗುತ್ತಿದ್ದರು, ಆದರೆ ಮತ್ತೆ ಅಲ್ಲಿಗೇ ಬರುತ್ತಿದ್ದರು. ಹಳೇ ಗಾಡಿ ಇಟ್ಟುಕೊಂಡವರಿಗೆ ಬೇಕಾದ್ದು ಸಾಮಾನಿಗಿಂತ ಹೆಚ್ಚಾಗಿ ಸಾಮಾನಿನ ಬಗ್ಗೆ ಸುಳ್ಳು ಹೇಳದ ಒಂದು ಬಾಯಿ.

ಅಂಗಡಿ ಮೊದಲು ಅವರ ಗಂಡನದು. ಆತ ಬೇಗ ಹೋದರು. ಮೈದುನಂದಿರು ಸಾಮಾನನ್ನೆಲ್ಲ ತೂಕಕ್ಕೆ ಹಾಕಿ ಬಾಗಿಲು ಮುಚ್ಚೋಣ ಅಂದರಂತೆ. ಗಂಡ ಹೋದವರು ಪಾಲಿಸುವ ಇದ್ದತ್ ಅಂತ ನಾಲ್ಕು ತಿಂಗಳು ಮನೆಯೊಳಗಿದ್ದು ಹೊರಗೆ ಬಂದ ಆಪಾ ಸೀದಾ ಹೋಗಿ ಆ ಸ್ಟೂಲಿನ ಮೇಲೆ ಕೂತರು. "ಕೂತೆ, ಆಮೇಲೆ ಇಳೀಲಿಲ್ಲ" ಅಂತ ಅವರೇ ಹೇಳುತ್ತಿದ್ದರು. ಇದಕ್ಕಿಂತ ಹೆಚ್ಚು ತಮ್ಮ ಬಗ್ಗೆ ಹೇಳಿದ್ದು ನನಗೆ ನೆನಪಿಲ್ಲ.

ಇನ್ನೊಂದು ಪದ್ಧತಿ ಇತ್ತು. ಹಳೇದನ್ನು ತರಬೇಕು, ತಂದದ್ದನ್ನು ಅಲ್ಲೇ ಬಿಡಬೇಕು. ಅದನ್ನು ನಮ್ಮ ಕಣ್ಣೆದುರಿಗೇ ಕಬ್ಬಿಣದ ಕಟ್ಟೆಯ ಮೇಲಿಟ್ಟು ಸುತ್ತಿಗೆಯಿಂದ ಒಡೆಯುತ್ತಿದ್ದರು. ವೈರಾದರೆ ಕತ್ತರಿಸುತ್ತಿದ್ದರು. ಮೊದಲ ಸಲ ನಾನು ಬೆಚ್ಚಿಬಿದ್ದೆ. ಆಪಾ, ವಾಟ್ ಆರ್ ಯೂ ಡೂಯಿಂಗ್ ಅಂದೆ.

"ಪೂರಾ ಇದ್ದದ್ದು ಗುಜರಿಗೆ ಹೋದ್ರೆ ಅಲ್ಲಿ ಅದಕ್ಕೆ ಮುಖ ತೊಳ್ದು, ಪೌಡರ್ ಹಾಕಿ, ಡಬ್ಬೀಲಿ ಕೂರ್ಸಿ ಮತ್ತೆ ಮದುವೆಗೆ ಕಳಿಸ್ತಾರೆ ಟೀಚರ್. ನನ್ನ ಅಂಗಡಿಯಿಂದ ಆ ಥರ ಮದುಮಗಳು ಹೋಗ್ಬಾರ್ದು."

ಅವರ ಸುತ್ತಿಗೆಯಿಂದ ತಪ್ಪಿಸಿಕೊಂಡ ಮದುಮಗಳು ಬೇರೆಲ್ಲೋ ತಯಾರಾಗಿ ಅವರ ಅಂಗಡಿಗೇ ಬಂದದ್ದು ಎರಡು ಸಾವಿರದ ಇಸವಿ ಕಳೆದ ಮೇಲೆ. ಆಪಾ ಅಂದಾಗ ನನ್ನ ಕಣ್ಣ ಮುಂದೆ ಬರುವುದು ಆ ದಿನಗಳೇ.

ಡೆಲ್ಲಿಯಿಂದ ಒಬ್ಬ ಏಜೆಂಟು ಬರುತ್ತಿದ್ದ. ಅವರ ಗಂಡನ ಕಾಲದಿಂದಲೂ ಬರುತ್ತಿದ್ದವನು, ಇವರನ್ನು ಭಾಭಿ ಅನ್ನುವವನು, ರಂಜಾನಿನಲ್ಲಿ ಇವರ ಮನೆಯಲ್ಲೇ ಕೂತು ಖರ್ಜೂರ ತಿಂದವನು. ಆ ಸಲ ಅವನು ಫ್ಯಾಕ್ಟರಿಯ ಹಳೇ ಸ್ಟಾಕ್ ಅಂತ ಬ್ರೇಕ್ ಶೂ ತಂದುಕೊಟ್ಟ. ಬ್ರೇಕ್ ಶೂ ಅಂದರೆ ಚಕ್ರದೊಳಗೆ ಇರುವ ಅರ್ಧಚಂದ್ರಾಕಾರದ ಎರಡು ತುಂಡು. ಮೇಲೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಬ್ರೇಕ್ ಒತ್ತಿದಾಗ ಆ ಪಟ್ಟಿ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ಹತ್ತು ಹನ್ನೆರಡು ಜೊತೆ. ಒಳ್ಳೇ ಡಬ್ಬಿ, ಪ್ಲಾಸ್ಟಿಕ್ ಸೀಲು. ಪ್ರತಿಯೊಂದನ್ನೂ ಕುಟ್ಟಿ, ಮೂಸಿ, ಗೀರಿ ನೋಡುವ ಆಪಾ ಅವನ್ನು ಮಾತ್ರ ಬಿಚ್ಚಲಿಲ್ಲ. ಸೀಲ್ ಹರಿದಿದ್ದರೆ ಗಿರಾಕಿ ಸೆಕೆಂಡ್ ಹ್ಯಾಂಡ್ ಅಂದುಕೊಂಡು ಮುಟ್ಟುವುದಿಲ್ಲ, ಅದಕ್ಕೆ.

ಒಂದು ಜೊತೆ ನಮಗೂ ಬಂತು. ನಮ್ಮವರು ತಮ್ಮ ಗಾಡಿಯ ಕೆಲಸ ತಾವೇ ಮಾಡಿಕೊಳ್ಳುವವರು. ಹಾಕಿ ಎರಡು ವಾರಕ್ಕೆ ಚಕ್ರ ಬಿಚ್ಚಿ ಧೂಳು ಒರೆಸುವಾಗ ಪಟ್ಟಿಯ ಅಂಚು ಕೂದಲೆಳೆಯಷ್ಟು ಎದ್ದಿತ್ತಂತೆ. ನನ್ನನ್ನು ಕರೆದು ತೋರಿಸಿದರು. ನನಗೇನೂ ಕಾಣಲಿಲ್ಲ. "ಇದನ್ನ ಆಕೆಗೆ ತೋರಿಸು. ಏನೂ ಹೇಳಬೇಡ, ತೋರಿಸು ಅಷ್ಟೆ" ಅಂದರು.

"ಹಳೇದು ತಂದ್ರಾ ಟೀಚರ್?" ಅಂತಲೇ ಸ್ವಾಗತ ಮಾಡಿದರು ಆಪಾ.

"ಹೊಸದೇ ತಂದೆ" ಅಂದೆ.

ಅವರು ಉಗುರಿನಿಂದ ಕೆರೆದರು. ಸಿಲ್ವರ್ ಪೇಂಟು ಪುಡಿಪುಡಿಯಾಗಿ ಎದ್ದಿತು. ಕೆಳಗೆ ಹಳೇ ಗೀರುಗಳು, ಸವೆದ ತುದಿ. ಯಾರದೋ ಗಾಡಿಯಲ್ಲಿ ಒಂದು ಆಯುಷ್ಯ ಮುಗಿಸಿ ಬಂದಿದ್ದ ಶೂ. ಅದಕ್ಕೆ ಕೆಟ್ಟ ಅಂಟಿನಲ್ಲಿ ಹೊಸ ಪಟ್ಟಿ ಕೂರಿಸಿದ್ದರು. ಆಪಾ ಅದನ್ನು ಕುಟ್ಟಲಿಲ್ಲ, ಸದ್ದು ಕೇಳಲಿಲ್ಲ. ಕೌಂಟರಿನ ಮೇಲಿಟ್ಟು ಎರಡೂ ಅಂಗೈ ಅದರ ಮೇಲೆ ಮುಚ್ಚಿಕೊಂಡರು, ಯಾರಿಗೂ ಕಾಣಬಾರದು ಅನ್ನುವ ಹಾಗೆ.

ಎದುರಂಗಡಿಯ ಅಣ್ಣನಿಗೆ ಕಾಣದೆ ಇರುತ್ತದೆಯೇ? ಗಲ್ಲಿ ದಾಟಿ ಬಂದರು. ನೋಡಿದರು. ಮೊದಲ ಸಲ ಅವರು ದನಿ ತಗ್ಗಿಸಿ ಮಾತಾಡಿದ್ದು ಕೇಳಿದೆ.

"ಬಿಡಿ ಬಾಯಮ್ಮಾ. ಉಳಿದದ್ದು ಪಕ್ಕಕ್ಕಿಡಿ. ಮಾರಿದ್ದು ಮಾರಾಯ್ತು."

"ಮಾರಿದ್ದು ರೋಡ್ ಮೇಲಿದೆ ಅಣ್ಣಾ."

"ಯಾರಾದ್ರೂ ಕಂಪ್ಲೇಂಟ್ ತಂದ್ರಾ? ಬ್ರೇಕ್ ಹಿಡೀತಾ ಇದೆಯಲ್ಲ. ನೀವೇ ಮನೆ ಮನೆಗೆ ಹೋಗಿ ನನ್ನ ಮಾಲು ನಕಲಿ ಅಂತ ಸಾರಿದ್ರೆ ನಾಳೆಯಿಂದ ಯಾರ್ ಬರ್ತಾರೆ ಇಲ್ಲಿಗೆ? ಹೆಸ್ರು ಒಂದೇ ಅಲ್ವಾ ನಿಮ್ಮ ಬಂಡವಾಳ?"

"ಹೌದು. ಹೆಸ್ರು ಹೋದ್ರೆ ಅಂಗಡಿ ಮುಚ್ಚುತ್ತೆ" ಅಂದರು ಆಪಾ. "ಬ್ರೇಕ್ ಹೋದ್ರೆ?"

ಆಪಾ ಮುಂದಿನ ಮಾತನ್ನು ಹಾಗೇ ಕೇಳಿಬಿಟ್ಟರು: "ನಿಮ್ಮತ್ರ ಅಸಲಿ ಶೂ ಎಷ್ಟು ಜೊತೆ ಇದೆ? ಎಲ್ಲಾ ಕೊಡಿ."

ಅಣ್ಣ ಮೇಲೆ ನೋಡಿ ಕೈ ಮುಗಿದರು. "ಮುರುಗಾ! ಇಷ್ಟು ವರ್ಷಕ್ಕೆ ಬಾಯಮ್ಮ ನನ್ನ ಗಿರಾಕಿ ಆದ್ರು." ಹೇಳಿ ತಮ್ಮ ಕಪಾಟು ಪೂರಾ ಹುಡುಕಿ ತಂದುಕೊಟ್ಟರು. ಪ್ರತಿ ಡಬ್ಬಿಯ ಸೀಲನ್ನೂ ಆಪಾ ಅವರ ಎದುರಿಗೇ ಹರಿದು ನೋಡಿದರು. ಅಣ್ಣ ಬೇಜಾರು ಮಾಡಿಕೊಳ್ಳಲಿಲ್ಲ.

ಮಾರಿದ್ದು ಯಾರಿಗೆ ಅಂತ ಬರೆದಿಟ್ಟಿರಲಿಲ್ಲ. ಆಪಾಗೆ ಮನುಷ್ಯರು ಹೆಸರಿನಿಂದ ನೆನಪಿರುತ್ತಿರಲಿಲ್ಲ, ಗಾಡಿಯಿಂದ ನೆನಪಿರುತ್ತಿದ್ದರು. ಹಲಸೂರಿನ ಟ್ಯಾಂಕ್ ಮೇಲೆ ಮುರುಗನ ಸ್ಟಿಕ್ಕರ್ ಇರೋರು. ಗ್ಯಾಸ್ ಸಿಲಿಂಡರ್ ಕಟ್ಟೋ ಕ್ಯಾರಿಯರ್‌ನೋರು. ಕೆ.ಆರ್. ಪುರದ ಹಸಿರು ಗಾಡಿ, ಹಾರ್ನ್ ಇಲ್ಲ. ಹೆಚ್ಚಿನವರೆಲ್ಲ ನಮ್ಮ ಕಡೆಯವರು, ಊರಿನ ಪೂರ್ವ ಭಾಗದವರು. ಅದಕ್ಕೇ ಅವರು ನನ್ನ ಕಡೆ ತಿರುಗಿದ್ದು. "ಟೀಚರ್, ನೀವು ಜೊತೆಗೆ ಬರ್ತೀರಾ? ನಾನೊಬ್ಳೇ ಹೋದ್ರೆ ಗೇಟ್‌ನಲ್ಲೇ ನಿಲ್ಲಿಸ್ತಾರೆ. ನಿಮ್ಮನ್ನ ನೋಡಿದ್ರೆ ಒಳಗೆ ಕರೀತಾರೆ." ನನಗೆ ಸಂಕಟವಾಯಿತು, ಆದರೆ ಅವರು ಹೇಳಿದ್ದು ಸುಳ್ಳಲ್ಲ.

ಎರಡು ಶನಿವಾರ ಮಧ್ಯಾಹ್ನ ಸ್ಕೂಲ್ ಬಿಟ್ಟ ಮೇಲೆ ಆಟೋ ಮಾಡಿಕೊಂಡು, ಆಯಾ ಕಡೆಯ ಮೆಕ್ಯಾನಿಕ್ಕುಗಳನ್ನು ಕೇಳಿ ಮನೆ ಹುಡುಕುತ್ತಾ ಸುತ್ತಿದೆವು. ಆಪಾ ಕಾಲಿನ ಹತ್ತಿರ ರೆಕ್ಸಿನ್ ಬ್ಯಾಗು, ಅದರಲ್ಲಿ ಸ್ಪ್ಯಾನರು, ಸ್ಕ್ರೂಡ್ರೈವರು, ಸುತ್ತಿಗೆ, ಅಣ್ಣನ ಕಪಾಟಿನ ಅಸಲಿ ಶೂಗಳು. ನನ್ನ ಬ್ಯಾಗಿನಲ್ಲಿ ನೀರಿನ ಬಾಟಲಿ, ಬಿಸ್ಕತ್ತು. ಇಬ್ಬರು ಹೆಂಗಸರು ಇಳಿದು, "ನಿಮ್ಮ ಮೋಟರ್ ಸೈಕಲ್ ಚಕ್ರ ಬಿಚ್ಚಬೇಕು" ಅಂದರೆ ಮನೆಯವರ ಮುಖ ನೋಡಬೇಕಿತ್ತು. ಹಲಸೂರಿನಲ್ಲಿ ಒಬ್ಬರು ನಾವು ಏನನ್ನೋ ಮಾರಲು ಬಂದಿದ್ದೇವೆ ಅಂದುಕೊಂಡು ಬಾಗಿಲು ಹಾಕಿದರು, ಕಿಟಕಿಯಿಂದ ಶೂ ತೋರಿಸಿದ ಮೇಲೆ ತೆಗೆದರು. ಸಿಲಿಂಡರಿನವರು ಕಾಫಿ ಕೊಟ್ಟು ಉಪಚಾರ ಮಾಡಿದರು, ಚಕ್ರ ಬಿಚ್ಚಿದ ಮೇಲೆ ಚೆನ್ನಾಗಿ ಬೈದರು. ಆಪಾ ತಲೆ ಬಗ್ಗಿಸಿ ಕೇಳಿಸಿಕೊಂಡರು. ಆಟೋದಲ್ಲಿ ಕೂತ ಮೇಲೆ, "ಸರಿಯಾಗಿ ಬೈದ್ರು" ಅಂತ ಸಮಾಧಾನದಿಂದ ಹೇಳಿ ಒಂದು ಬಿಸ್ಕತ್ತು ತಿಂದರು.

ಕೊನೆಗೆ ಒಂದೇ ಜೊತೆ ಉಳಿಯಿತು. ಮಹದೇವಪುರದ ಹಾಲಿನವರು.

ಆಗ ಅಲ್ಲಿ ರಿಂಗ್ ರೋಡಿನ ಪಕ್ಕ ಗಾಜಿನ ಬಿಲ್ಡಿಂಗುಗಳು ಏಳುತ್ತಿದ್ದವು. ಅವುಗಳ ಹಿಂದೆ ಹಳೇ ಊರು ಇನ್ನೂ ಇತ್ತು. ಮುನಿರಾಜು ಅಂತ ಅವರ ಹೆಸರು. ಹೊಲ ಕೊಟ್ಟಾಗಿತ್ತು, ಮಹಡಿ ಮನೆ ಕಟ್ಟಿಸಿದ್ದರು, ಬಾಡಿಗೆ ಬರುತ್ತಿತ್ತು. ಆದರೂ ಎಮ್ಮೆ ಬಿಟ್ಟಿರಲಿಲ್ಲ, ಮೈಸೂರಿನ ಗಾಡಿಯನ್ನೂ ಬಿಟ್ಟಿರಲಿಲ್ಲ. ಗಾಡಿಯ ಎರಡು ಪಕ್ಕಕ್ಕೆ ಹಾಲಿನ ಕ್ಯಾನು. ವಾರಕ್ಕೊಮ್ಮೆ ಕ್ಯಾನು ತೆಗೆದು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕೆ.ಆರ್. ಪುರದ ಸಂತೆಗೆ ಹೋಗಿಬರುತ್ತಿದ್ದರಂತೆ. ಆಪಾನ ನೋಡಿದ್ದೇ ಓಡಿಬಂದರು.

"ಅಯ್ಯೋ, ಆಪಾ! ನೀವು ನಮ್ಮನೆಗಾ? ಬನ್ನಿ ಬನ್ನಿ. ಏ, ಮಜ್ಜಿಗೆ ತಗೊಂಡ್ ಬಾರೇ."

ಆಪಾ ಕೂರಲಿಲ್ಲ. ನಿಂತೇ ವಿಷಯ ಹೇಳಿದರು. ಮುನಿರಾಜು ಪೂರಾ ಕೇಳಿಸಿಕೊಂಡು ನಕ್ಕರು.

"ನಿಮ್ಮ ಅಂಗಡಿ ಮಾಲಾ? ಕೆಟ್ಟದ್ದಾ? ಹೋಗಿ ಆಪಾ, ತಮಾಷೆ ಮಾಡ್ಬೇಡಿ."

"ತಮಾಷೆ ಅಲ್ಲ. ಬಿಚ್ಚು, ತೋರಿಸ್ತೀನಿ."

"ಏನಕ್ಕೆ ಬಿಚ್ಚಬೇಕು? ಕಚಕ್ ಅಂತ ಹಿಡಿಯುತ್ತೆ. ನಿಮ್ಮ ಸಾಮಾನು ಅಂತ ಕಣ್ಮುಚ್ಕೊಂಡು ಹಾಕ್ಸಿದೀನಿ, ಕಣ್ಮುಚ್ಕೊಂಡೇ ಓಡಿಸ್ತೀನಿ."

ನಾನು ನನ್ನ ಕ್ಲಾಸ್ ರೂಮ್ ದನಿ ತೆಗೆದು, ನೋಡಿ ಮಿಸ್ಟರ್ ಮುನಿರಾಜು, ಇದು ಸೇಫ್ಟಿ ವಿಷಯ ಅಂತ ಶುರುಮಾಡಿದೆ. ಅವರು ನನ್ನ ಕಡೆ ಗೌರವದಿಂದ ನೋಡಿ, ಮಜ್ಜಿಗೆ ಲೋಟ ನನ್ನ ಹತ್ತಿರ ಸರಿಸಿದರು. ಅಷ್ಟೇ ಪರಿಣಾಮ.

ಆಪಾ ಮತ್ತೆ ಹೇಳಿದರು. "ನಾನು ಮೋಸ ಹೋದೆ ಮುನಿರಾಜಣ್ಣ. ಡಬ್ಬಿ ನೋಡಿ ಮೋಸ ಹೋದೆ."

"ಯಾರೋ ನಿಮ್ಮ ತಲೆ ಕೆಡ್ಸಿದಾರೆ. ನೀವು ಮೋಸ ಹೋಗೋ ಪೈಕಿನಾ? ನನ್ನ ಹಳೇ ಬೇರಿಂಗ್ ನೋಡಿ, ಮಳೇಲಿ ಗಾಡಿ ನಿಲ್ಲಿಸ್ತೀಯ ಅಂತ ಬೈದೋರು ನೀವು."

ಆ ಹೊತ್ತು ಆಪಾ ಮುಖ ನೋಡಿದೆ. ಇಷ್ಟು ವರ್ಷ ಒಂದೊಂದೇ 'ಇಲ್ಲ' ಹೇಳಿ ಹೇಳಿ ಕಟ್ಟಿದ್ದ ಹೆಸರು ಅದು. ಅದೇ ಈಗ ಎದುರಿಗೆ ನಿಂತು, ಚಕ್ರ ಬಿಚ್ಚಲು ಬಿಡುತ್ತಿರಲಿಲ್ಲ. ಆ ಮನುಷ್ಯ ಬೆಳಗ್ಗೆ ಎದ್ದು ಅದನ್ನೇ ನಂಬಿಕೊಂಡು ಕ್ಯಾನು ಕಟ್ಟಿ ಲಾರಿಗಳ ನಡುವೆ ಹೋಗುತ್ತಾನೆ.

"ನನ್ನ ಮಾತು ನಂಬ್ಬೇಡ ಕಣಪ್ಪಾ" ಅಂದರು ಆಪಾ. "ಇದೊಂದು ಸಲ ನಂಬ್ಬೇಡ."

ಬಾಗಿಲಲ್ಲಿ ನಿಂತಿದ್ದ ಮುನಿರಾಜು ಹೆಂಡತಿ ಆಗ ಬಾಯಿ ಬಿಟ್ಟರು. ಅಲ್ಲಿವರೆಗೂ ಸೆರಗಿನಲ್ಲಿ ಕೈ ಒರೆಸುತ್ತಾ ಕೇಳಿಸಿಕೊಳ್ಳುತ್ತಿದ್ದರು.

"ರೀ, ಸುಮ್ನೆ ಬಿಚ್ರೀ. ಒಳ್ಳೇದು ಕೊಟ್ಟಿದೀನಿ ಅಂತ ಹೇಳೋಕೆ ಎಲ್ಲಾ ಅಂಗಡಿಯವ್ರೂ ಬರ್ತಾರೆ. ಕೆಟ್ಟದ್ದು ಕೊಟ್ಟಿದೀನಿ ಅಂತ ಹೇಳೋಕೆ ಯಾರ್ ಆಟೋ ಮಾಡ್ಕೊಂಡ್ ಬರ್ತಾರೆ ಇಷ್ಟು ದೂರ? ಹಿಂದೆ ಕೂರೋಳು ನಾನು. ಬಿಚ್ಚಿ."

ಬಿಚ್ಚಿದರು. ಆಪಾ ಬುರ್ಖಾದ ತೋಳು ಮೇಲೆ ಮಾಡಿಕೊಂಡು, ನೆಲದ ಮೇಲೆ ಕೂತು, ಸ್ಕ್ರೂಡ್ರೈವರಿನ ತುದಿಯನ್ನು ಪಟ್ಟಿಯ ಅಂಚಿಗೆ ಇಟ್ಟರು. ಬಲ ಹಾಕಲೇ ಇಲ್ಲ. ಕಾದ ಹೆಂಚಿನಿಂದ ದೋಸೆ ಏಳುವ ಹಾಗೆ ಪಟ್ಟಿ ಇಡಿಯಾಗಿ ಎದ್ದು ಬಂತು.

ಎಮ್ಮೆ ಮೆಲುಕು ಹಾಕುವುದು ಕೇಳುತ್ತಿತ್ತು. ಮುನಿರಾಜು ಆ ಪಟ್ಟಿಯನ್ನು ತಗೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹೆಂಡತಿಯ ಮುಖ ನೋಡಿದರು. ಆಪಾ ಆ ಶೂಗಳನ್ನು ಅವರ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಡೆದು, ಅಸಲಿ ಜೊತೆಯನ್ನು ತಾವೇ ಕೂರಿಸಿ, ಚಕ್ರ ತಿರುಗಿಸಿ, ಬ್ರೇಕ್ ಒತ್ತಿ, ಮತ್ತೆ ತಿರುಗಿಸಿ, ಮತ್ತೆ ಒತ್ತಿ ನೋಡಿದರು. ಆಮೇಲೆ ಮಜ್ಜಿಗೆ ಕುಡಿದರು. ವಾಪಸ್ ಹೊರಟೆವು. ಹಲಸೂರು ಕೆರೆ ದಾಟಿದ ಮೇಲೆ, "ಇವ್ರು ಬೈಲಿಲ್ಲ ಟೀಚರ್" ಅಂದರು.

"ಒಳ್ಳೇದೇ ಆಯ್ತಲ್ಲ ಆಪಾ."

"ಏನೋ. ಇನ್ನು ಬರಲ್ಲ ಅವ್ರು."

ಆ ಏಜೆಂಟು ಮುಂದಿನ ರಂಜಾನಿಗೆ ಬಂದನಂತೆ. ಅಂಗಡಿಯ ಹೊರಗೆ ನಿಲ್ಲಿಸಿಯೇ ಟೀ ಕೊಟ್ಟು ಕಳಿಸಿದರಂತೆ. ಬೈದಿರಾ ಅಂತ ಕೇಳಿದೆ. "ಟೀ ಕೊಟ್ಟೆ ಅಂದ್ನಲ್ಲ" ಅಂದರು. ಮನೆಯೊಳಗೆ ಕೂತು ಖರ್ಜೂರ ತಿಂದವನಿಗೆ ಅದು ಅರ್ಥವಾಗಿರಬೇಕು.

ಮಹದೇವಪುರಕ್ಕೆ ಹೋಗಿಬಂದ ಮೇಲೆ ಕೆಲವು ದಿನ ಅಂಗಡಿಯಲ್ಲಿ ಜನ ಕಡಿಮೆಯಿದ್ದರು. ಸುದ್ದಿ ಮೆಕ್ಯಾನಿಕ್ಕುಗಳ ಬಾಯಲ್ಲಿ ಓಡಾಡಿತ್ತು. ಆಪಾ ಸ್ಟೂಲಿನ ಮೇಲೆ ಕೂತು ಬಳೆ ಎಣಿಸುತ್ತಿದ್ದರು. ಎದುರಂಗಡಿಯ ಅಣ್ಣ ಛೇಡಿಸುವುದನ್ನು ನಿಲ್ಲಿಸಿದ್ದರು, ಅದೇ ಎಲ್ಲಕ್ಕಿಂತ ಬೇಜಾರಿನ ಸಂಗತಿ. ನಾನು ಏನೂ ಬೇಕಿಲ್ಲದಿದ್ದರೂ ಸಂಜೆ ಒಂದು ಗಳಿಗೆ ಹೋಗಿ ಕೂತು ಬರುತ್ತಿದ್ದೆ.

ಅಂಥ ಒಂದು ಸಂಜೆ ಗಲ್ಲಿಯ ತುದಿಯಲ್ಲಿ ಮೈಸೂರು ಗಾಡಿಯ ಸದ್ದು ಕೇಳಿತು. ಆಪಾ ತಲೆ ಎತ್ತಲಿಲ್ಲ, ಆದರೆ ಬಳೆಯ ಸದ್ದು ನಿಂತಿತು. ಖಾಲಿ ಕ್ಯಾನುಗಳನ್ನು ಗಡಗಡ ಅನ್ನಿಸಿಕೊಂಡು ಬಂದ ಮುನಿರಾಜು, ಗಾಡಿಯಿಂದ ಇಳಿಯದೆ, ಕಾಲು ಊರಿಕೊಂಡೇ ತುಂಡಾದ ಕ್ಲಚ್ ವೈರನ್ನು ಕೌಂಟರಿಗೆ ಎಸೆದರು.

"ಇದೊಂದು ಕೊಡಿ ಆಪಾ. ಹಾಲು ಕರೆಯೋ ಹೊತ್ತಾಯ್ತು."

ಆಪಾ ಎದ್ದು, ಹಳೇದನ್ನು ನೋಡಿ, ಕಪಾಟಿನಿಂದ ಒಂದು ಕವರ್ ತೆಗೆದುಕೊಟ್ಟರು. ಮುನಿರಾಜು ಅದನ್ನು ನೋಡದೆ ಅಂಗಿ ಜೇಬಿಗೆ ತುರುಕಿಕೊಂಡರು.

"ಬಿಚ್ಚಿ ನೋಡು" ಅಂದರು ಆಪಾ.

"ಏನ್ ನೋಡೋದು?"

"ಬಿಚ್ಚಿ ನೋಡು ಅಂದೆ. ನನ್ನ ಅಂಗಡಿ ಮಾಲು ಅಂತ ಜೇಬಿಗೆ ಹಾಕ್ಕೋಬೇಡ. ಆವತ್ತು ಕಣ್ಣಾರೆ ನೋಡಿದ್ಯಲ್ಲ!"

"ನೋಡಿದೆ. ಅದಕ್ಕೇ ಬಂದೆ" ಅಂದರು ಮುನಿರಾಜು. ಸ್ವಲ್ಪ ನಾಚಿಕೊಂಡೇ ಅಂದರು. "ನಿಮಗೆ ಗೊತ್ತಾದ್ರೆ ನೀವೇ ಬಂದು ಹೇಳ್ತೀರ. ಆಮೇಲೆ ನಾನ್ಯಾಕೆ ನೋಡ್ಲಿ?"

ಆಪಾ ಕೌಂಟರಿನ ಮೇಲಿಂದ ಬಗ್ಗಿ ಅವರ ಜೇಬಿಗೇ ಕೈ ಹಾಕಿ ಕವರ್ ಎಳೆದುಕೊಂಡರು. ಗಂಡಸರ ಜೇಬಿಗೆ ಆಕೆ ಕೈ ಹಾಕಿದ್ದನ್ನು ನೋಡಿ ಎದುರಂಗಡಿಯ ಅಣ್ಣ ಹುಬ್ಬು ಮೇಲೆ ಮಾಡಿದರು. ಆಪಾ ಕವರ್ ಹರಿದು, ವೈರನ್ನು ಹೊರಗೆ ಎಳೆದು, ಈ ತುದಿಯಿಂದ ಆ ತುದಿಯವರೆಗೆ ಬೆರಳ ನಡುವೆ ಹಾಯಿಸಿದರು. ತುದಿಯ ಗುಂಡನ್ನು ಹಲ್ಲು ಕಚ್ಚಿ ಜಗ್ಗಿ ನೋಡಿದರು. ಬೆಳಕಿಗೆ ಹಿಡಿದರು. ಆಮೇಲೆ ಸುರುಳಿ ಸುತ್ತಿ ಕೈಗೆ ಕೊಟ್ಟರು.

"ಈಗ ಹೋಗು."

ಗಾಡಿ ಸದ್ದು ದೂರವಾಯಿತು. "ಬಾಯಮ್ಮಾ, ಗಿರಾಕಿ ಜೇಬಿಗೇ ಕೈ ಹಾಕೋಕೆ ಶುರು ಮಾಡಿದ್ರಾ? ನಾವ್ ಇನ್ನೂ ಆ ಮಟ್ಟಕ್ಕೆ ಬಂದಿಲ್ಲಪ್ಪಾ" ಅಂತ ಎದುರಿನಿಂದ ಬಂತು. ಎಷ್ಟೋ ದಿನದ ಮೇಲೆ. ಆಪಾ ನನ್ನ ಕಡೆ ತಿರುಗಿದಾಗ ಕಣ್ಣಿನ ಸುರ್ಮಾ ಸ್ವಲ್ಪ ಹರಡಿತ್ತು.

"ಬೈದಿದ್ರೆ ಚೆನ್ನಾಗಿತ್ತು ಟೀಚರ್. ಬೈಸ್ಕೊಂಡು ಸುಮ್ನೆ ಕೂತ್ಕೋಬಹುದಿತ್ತು. ಈಗ ನೋಡಿ ಕೆಲಸ."

ಹಾಗಂದು ಸ್ಟೂಲನ್ನು ಕಪಾಟಿನ ಹತ್ತಿರ ಎಳೆದು, ಮೇಲೆ ಹತ್ತಿ, ಎಲ್ಲಕ್ಕಿಂತ ಮೇಲಿನ ಸಾಲಿನಿಂದ ಡಬ್ಬಿಗಳನ್ನು ಇಳಿಸತೊಡಗಿದರು. ಸೀಲ್ ಇದ್ದದ್ದು, ಇಲ್ಲದ್ದು, ಗಂಡನ ಕಾಲದ್ದು, ಮೊನ್ನೆ ಬಂದದ್ದು, ಎಲ್ಲಾ. ಒಂದೊಂದನ್ನೇ ಹರಿದು, ಕೌಂಟರಿನ ಮೇಲೆ ಕುಟ್ಟಿ, ಕಿವಿಗೊಟ್ಟು ಕೇಳಿ, ಇದು ಈ ಕಡೆ, ಅದು ಆ ಕಡೆ ಅಂತ ಇಡುತ್ತಾ ಹೋದರು. ನನ್ನ ಬಸ್ಸಿನ ಹೊತ್ತು ಮೀರುತ್ತಿತ್ತು. ನಾನು ಸೆರಗು ಸಿಕ್ಕಿಸಿಕೊಂಡು, ನೆಲದ ಮೇಲೆ ಕೂತು, ಅವರು ಪಾಸು ಮಾಡಿದ ಡಬ್ಬಿಗಳಿಗೆ ಮುಚ್ಚಳ ಹಾಕತೊಡಗಿದೆ.